ಬಾಯ್ದೇವ್ ಬಂದ ವರ್ಷದ ಹೊಸ್ತು

ಮೊನ್ನೆ ಬೆಳಿಗ್ಗೆ ಹೊಸ ಕದಿರು ಕಟ್ಟಲೆಂದು ಬಾಗಿಲ ಮೇಲಿದ್ದ ಹಳೆಯ ಕಟ್ಟನ್ನು ಇಳಿಸಿದೆ. ವರ್ಷವಿಡೀ ಹೊಗೆ ಕುಡಿದಿದ್ದ ಮಾವಿನೆಲೆ, ಹಲಸಿನೆಲೆಗಳು ಕೈ ತಾಗಿದ್ದೇ ಪುಡಿಯಾದವು. ಕಾಳುಗಳನ್ನು ಗುಬ್ಬಿಗಳು ಎಂದೋ ಮುಗಿಸಿದ್ದವು. ಉಳಿದದ್ದು ಒಂದು ಹಿಡಿ ಹುಲ್ಲುಕಡ್ಡಿ, ಅದಕ್ಕೆ ಸುತ್ತಿದ್ದ ಒಂದು ಕೆಂಪು ಟೇಪು. ಹುಡುಗಿಯರು ಜಡೆಗೆ ಕಟ್ಟುವಂಥದ್ದು. ಬಣ್ಣ ಮಾಸಿ ಹಳೆಯ ಹಂಚಿನ ಹಾಗಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಒಣಹುಲ್ಲು, ಹೊಗೆ, ಅದರಡಿಯಲ್ಲಿ ಎಳೆ ಭತ್ತದ ಹಾಲಿನ ವಾಸನೆ. ಆ ವಾಸನೆ ಇಷ್ಟು ದಿನ ಉಳಿಯುವುದಿಲ್ಲ, ಅದು ನನ್ನ ತಲೆಯಲ್ಲೇ ಇದ್ದದ್ದಿರಬೇಕು. ಆದರೂ ಟೇಪನ್ನು ಬಿಸಾಡಲು ಮನಸ್ಸಾಗಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡೆ.

ಮಕ್ಕಳೇ, ಕಳೆದ ವರ್ಷ ಶಾರದತ್ತೆ ಕಳಿಸಿದ ಫೋಟೋವನ್ನು ನೀವು ಹುಬ್ಬಳ್ಳಿಯಲ್ಲಿ ನೋಡಿದ್ದೀರಿ. ನಮ್ಮ ಕೊಕ್ಕರ್ಣೆಯ ಮನೆಯ ಜಗಲಿಯಲ್ಲಿ ಬಾಳೆಲೆಯ ಮುಂದೆ ಸಾಲಾಗಿ ಕೂತ ಅಸ್ಸಾಮಿನ ಹುಡುಗ ಹುಡುಗಿಯರು, ಕೊನೆಯಲ್ಲಿ ಕೆಂಪಂಚಿನ ಬಿಳಿ ಬಟ್ಟೆಯ ಒಬ್ಬ ಹೆಂಗಸು, ಅವರ ಪಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿರುವ ನಾನು. "ಅಜ್ಜಿ, ನೀನು ಹೀಗೆ ನಗೋದನ್ನ ನಾನು ನೋಡೇ ಇಲ್ಲ, ಏನಾಗಿತ್ತು?" ಎಂದು ಅನ್ವಿತಾ ಫೋನಿನಲ್ಲಿ ಕೇಳಿದ್ದಳು. ಆಗ ಹೇಳಲು ಬರಲಿಲ್ಲ. ನನಗೆ ಬಾಯಿಗಿಂತ ಕೈ ಸಲೀಸು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಿದವಳಲ್ಲ. ಸ್ಲೇಟಿನಲ್ಲಿ ಬರೆದು ಮೇಷ್ಟ್ರ ಕಡೆಗೆ ತಿರುಗಿಸಿ ಹಿಡಿಯುತ್ತಿದ್ದೆ. ಇದನ್ನೂ ಹಾಗೆಯೇ ಅಂದುಕೊಳ್ಳಿ.

ಮೊದಲು ಹೊಸ್ತು ಅಂದರೇನೆಂದು ಹೇಳಬೇಕು. ಅದು ಬರುವ ನವರಾತ್ರಿಯೆಂದರೆ ನಿಮ್ಮ ಅಪ್ಪನ ಹೋಟೆಲಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳು, ಹಾಗಾಗಿ ನೀವು ತೀರ ಚಿಕ್ಕವರಿದ್ದಾಗ ಒಮ್ಮೆ ಬಂದದ್ದು ಬಿಟ್ಟರೆ ಹೊಸ್ತನ್ನು ಕಂಡವರಲ್ಲ. ಗದ್ದೆ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ತೆನೆ ಬಾಗಿ ಬಣ್ಣ ತಿರುಗುತ್ತಿರುವಾಗ ಮನೆಯ ಗಂಡಸು ಸ್ನಾನ ಮಾಡಿ ಹೋಗಿ ನಾಲ್ಕು ಹಿಡಿ ತೆನೆ ಕೊಯ್ದು ತಲೆಯ ಮೇಲಿಟ್ಟು ತರುತ್ತಾನೆ. ಅದೇ ಕದಿರು. ಅದನ್ನು ಎಲೆಗಳ ಜೊತೆ ಸೇರಿಸಿ ನಾರಿನಲ್ಲಿ ಬಿಗಿದು ಬಾಗಿಲಿಗೆ, ಬಾವಿಕಟ್ಟೆಗೆ, ದನದ ಹಟ್ಟಿಗೆ, ಅಕ್ಕಿಯ ಡಬ್ಬಕ್ಕೆ ಕಟ್ಟುತ್ತೇವೆ. ಉಳಿದ ತೆನೆಯ ಕಾಳನ್ನು ಉಗುರಿನಿಂದ ಸುಲಿದು ಹಳೆ ಅಕ್ಕಿಯ ಜೊತೆಗೆ ಬೇಯಿಸಿದರೆ ಅದು ಹೊಸ ಅಕ್ಕಿಯ ಊಟ.

ಆ ಊಟವನ್ನು ಸುಮ್ಮನೆ ಉಣ್ಣುವ ಹಾಗಿಲ್ಲ. ಎಲೆಗೆ ಕೈ ಹಾಕುವ ಮೊದಲು ಕಿರಿಯರು ತಮಗಿಂತ ಹಿರಿಯರನ್ನೆಲ್ಲ ಕೇಳಬೇಕು, "ನಾ ಹೊಸ್ತ್ ಉಂತೆ", ಹೊಸ್ತು ಉಣ್ಣುತ್ತೇನೆ ಎಂದು. ಹಿರಿಯರು "ಉಣ್" ಎನ್ನಬೇಕು. ಅಷ್ಟೇ. ಆ ಒಂದು ಮಾತು ಬಾರದೆ ತುತ್ತು ಎತ್ತುವಂತಿಲ್ಲ.

ನಾನು ಮದುವೆಯಾಗಿ ಬಂದ ವರ್ಷ ನನಗೆ ಇದು ಬಹಳ ಕಷ್ಟವಾಗಿತ್ತು. ಜಗಲಿ ತುಂಬ ಜನ. ಅತ್ತೆ, ಮಾವ, ಭಾವಂದಿರು, ಎಲ್ಲರನ್ನೂ ಹೇಗೋ ಪಿಸುಮಾತಿನಲ್ಲೇ ಕೇಳಿ ಮುಗಿಸಿದೆ. ಕಡೆಗೆ ನಿಮ್ಮ ಅಜ್ಜಯ್ಯ.

"ನಾ ಹೊಸ್ತ್ ಉಂತೆ," ಎಂದೆ.

"ಎಂತ ಅಂದೆ? ಕೇಂತಿಲ್ಲ ಮಾರಾಯ್ತಿ," ಎಂದರು.

ಮತ್ತೆ ಹೇಳಿದೆ. ಅವರು ಕಿವಿಗೆ ಕೈ ಕೊಟ್ಟು ಮಾಡಿನ ಜಂತಿ ನೋಡಿದರು. ಮೂರನೆಯ ಸಲ ಸಿಟ್ಟು ಬಂದು ಜೋರಾಗಿ ಹೇಳಿದಾಗ ಜಗಲಿಗೆ ಜಗಲಿಯೇ ನಕ್ಕಿತು. "ಹಾಂ, ಉಣ್. ಬಾಯಿ ಇತ್ತ್ ಅಂದಾಯ್ತ್," ಎಂದರು. ಆಮೇಲೆ ಅದೇ ವರ್ಷವರ್ಷದ ಆಟವಾಯಿತು. ಮುಂಬೈಯಲ್ಲಿ ಕ್ಯಾಂಟೀನು ನಡೆಸುತ್ತಿದ್ದ ವರ್ಷಗಳಲ್ಲಿ ಊರಿನಿಂದ ಅಂಚೆಯಲ್ಲಿ ಬಂದ ಒಂದು ತೆನೆಯ ಕಾಳು ಸುಲಿದು ಘಾಟ್ಕೋಪರಿನ ಚಾಳಿನ ಕೋಣೆಯಲ್ಲಿ ನಾವಿಬ್ಬರೇ ಹೊಸ್ತು ಉಂಡಾಗಲೂ ಅವರಿಗೆ ಮೊದಲ ಎರಡು ಸಲ ಕೇಳಿಸುತ್ತಿರಲಿಲ್ಲ. ಅತ್ತೆ ಮಾವ ಹೋದರು, ಭಾವಂದಿರು ಹೋದರು. ನಾನು ಕೇಳಬೇಕಾದವರು ಅವರೊಬ್ಬರೇ ಉಳಿದರು. ಆಮೇಲೆ ಅವರೂ ಹೋದರು.

ಅವರು ತೀರಿದ ವರ್ಷ ಮನೆಯಲ್ಲಿ ಹೊಸ್ತು ಇರಲಿಲ್ಲ. ಮರುವರ್ಷ ಎಲ್ಲ ಯಥಾಪ್ರಕಾರ ಆಯಿತು. ಮೈದುನ ಸಂಜೀವ ಕದಿರು ತಂದ, ಅವನ ಹೆಂಡತಿ ಸುಶೀಲ ಅಡುಗೆ ಮಾಡಿದಳು. ಎಲ್ಲರೂ ಬಂದು ನನ್ನನ್ನು ಕೇಳಿದರು. ಎಲ್ಲರಿಗೂ "ಉಣ್" ಎಂದೆ. ಬಡಿಸಿ ಮುಗಿಸಿ ಒಳಗೆ ಹೋದವಳು ಹೊಸ ಅಕ್ಕಿಯ ಅನ್ನವನ್ನು ಮುಟ್ಟಲಿಲ್ಲ. ಬೆಳಗಿನ ಗಂಜಿ ಉಳಿದಿತ್ತು, ಅದನ್ನೇ ಉಂಡೆ. ಯಾರೂ ಬೇಡವೆಂದಿರಲಿಲ್ಲ. ಹಿರಿಯರಿಲ್ಲದವರು ದೇವರಿಗೆ ಕೈ ಮುಗಿದು ಉಣ್ಣಬಹುದು ಎಂದು ನನಗೂ ಗೊತ್ತು. ಆದರೆ ಕೇಳದೆ ಉಣ್ಣಲು ಮನಸ್ಸು ಒಪ್ಪಲಿಲ್ಲ. ಬಡಿಸುವ ಹೆಂಗಸರು ಕೊನೆಗೆ ಉಣ್ಣುವವರಾದ್ದರಿಂದ ನಾನು ಏನು ಉಂಡೆನೆಂದು ನೋಡುವವರೂ ಇರಲಿಲ್ಲ.

ಶಾರದೆ ಮಾತ್ರ ಅದರ ಮುಂದಿನ ವರ್ಷ ಪಾತ್ರೆ ಎತ್ತಿಡಲು ಅಡುಗೆಮನೆಗೆ ಬಂದವಳು ನನ್ನ ಗಂಜಿಯ ಬಟ್ಟಲು ಕಂಡಳು. ಅವಳು ಅವಳಪ್ಪನ ಮಗಳು, ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಯ ನೋಡಿ ತೆಗೆಯುತ್ತಾಳೆ. ಕಳೆದ ವರ್ಷ ನವರಾತ್ರಿಗೆ ಒಂದು ವಾರ ಇರುವಾಗ ಫೋನು ಮಾಡಿದಳು.

"ಅಮ್ಮ, ಅಸ್ಸಾಮಿಂದ ನಮ್ ಕಾಲೇಜಿಗ್ ಮಕ್ಳ್ ಬಂದಿರ್. ಅಲ್ಲಿಯವ್ರ್ ಇಲ್ಲಿ, ಇಲ್ಲಿಯವ್ರ್ ಅಲ್ಲಿ, ಊರ್ ಕ್ರಮ ಎಲ್ಲ ಕಾಂಬುಕೆ. ಹೊಸ್ತಿನ್ ದಿನ ಅವ್ರನ್ನ ತಿರ್ಗ್ಸಿ ಮನೆಗ್ ಊಟಕ್ಕ್ ಕರ್ಕಂಡ್ ಬತ್ತೆ."

"ಬರ್ಲಿ. ಅಡ್ಗಿಗೆ ಸುಶೀಲ ಇದ್ಲ್. ನಾ ಒಳ್ಗ್ ಇರ್ತೆ," ಎಂದೆ.

"ನೀ ಒಳ್ಗ್ ಇಪ್ಪುದಲ್ಲ, ಹಿಂದಿನ್ ದಿನವೇ ತಲ್ಲೂರಿಗ್ ಬಾ. ಅವ್ರ ಜೊತಿಗ್ ಒಬ್ರ್ ಪ್ರಾಯ ಆದ್ ಟೀಚರ್ ಬಂದಿರ್. ಅವ್ರಿಗೆ ಮಾತಾಡುಕ್ ಜನ ಇಲ್ಲ. ನಿಂಗ್ ಹಿಂದಿ ಬತ್ತಲ್ದಾ?"

"ನನ್ ಹಿಂದಿ ಚಾಳಿನ್ ನಳ್ಳಿ ಸಾಲಂಗ್ ನೀರಿಗ್ ನಿಂತ್ ಕಲ್ತದ್ ಹೆಣೆ."

"ಅದೇ ಸಾಕ್. ಮತ್ತೊಂದ್ ಇತ್ತ್. ಈ ಸಲ ನೀ ಹೊಸ್ತ್ ಉಣ್ಣದಿದ್ರೆ ನಾನೂ ಉಂತಿಲ್ಲೆ. ಬಂದವ್ರ್ ಎದ್ರಿಗೇ ಎಲಿ ಬಿಟ್ ಏಳ್ತೆ."

"ನಾ ಯಾರ್ ಹತ್ರ ಕೇಂಡ್ ಉಂಬುದ್ ಹೇಳ್," ಎಂದೆ.

ಅವಳು ಫೋನು ಇಟ್ಟಳು. ಹೇಳಿದ್ದನ್ನು ಮಾಡಿಯೇ ಮಾಡುವವಳೆಂದು ನನಗೆ ಗೊತ್ತಿತ್ತು. ಹೊಸ್ತಿನ ದಿನ ಮನೆಮಗಳು ಎಲೆ ಬಿಟ್ಟು ಏಳುವುದೆಂದರೆ ಮನೆಗೆ ಎಂಥ ಕೇಡು ಎಂದು ನಿಮಗೆ ಈಗ ತಿಳಿಯಲಿಕ್ಕಿಲ್ಲ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಲ್ಲೂರಿನಲ್ಲಿ ಶಾರದೆಯ ಮನೆಯ ಮುಂದೆ ಹೊಸ್ತಿನ ದಿನ ಬೆಳಿಗ್ಗೆ ವ್ಯಾನು ಬಂದು ನಿಂತಾಗ ನಾನು ಹಿಂದಿನ ಸೀಟಿಗೆ ಹೋಗುವುದರಲ್ಲಿದ್ದೆ. ಮುಂದೆ ಕೂತಿದ್ದ ಹೆಂಗಸು ನನ್ನ ಕೈ ಹಿಡಿದು ಎಳೆದು ತಮ್ಮ ಎಡಕ್ಕೆ ಕೂರಿಸಿಕೊಂಡರು. ಬಲಗಿವಿ ಕೇಳುವುದಿಲ್ಲ, ಮಕ್ಕಳ ಗಲಾಟೆಯನ್ನೆಲ್ಲ ಈ ಕಿವಿಗೆ ಹಾಕಿ ಹಾಕಿ ಹಾಳಾಯಿತು ಎಂದು ಹಿಂದಿಯಲ್ಲಿ ಹೇಳಿದರು. ಮಕ್ಕಳೆಲ್ಲ ಅವರನ್ನು ಬಾಯ್ದೇವ್ ಎನ್ನುತ್ತಿದ್ದರು. ಅವರಲ್ಲಿ ಟೀಚರಿಗೂ ಅಕ್ಕನಿಗೂ ಅದೇ ಮಾತಂತೆ. ನಿವೃತ್ತರಾಗಿ ವರ್ಷಗಳಾದರೂ ಹುಡುಗಿಯರ ಜೊತೆ ದೊಡ್ಡವರೊಬ್ಬರು ಬೇಕೆಂದು ಅವರನ್ನು ಕರೆತಂದಿದ್ದರು. ತಲೆಗೂದಲು ಕಪ್ಪಗೆ ಮಿಂಚುತ್ತಿತ್ತು, ಬೆನ್ನು ನೆಟ್ಟಗಿತ್ತು. ನನ್ನದೋ, ನೀವು ಕಂಡ ಹಾಗೆ, ಹತ್ತಿ ಗಿಡದ ಹಾಗಿನ ತಲೆ. ನಮ್ಮಿಬ್ಬರನ್ನು ನೋಡಿದ ಯಾರಾದರೂ ನನ್ನನ್ನೇ ಹಿರಿಯಳೆನ್ನುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡೆ.

ಹಟ್ಟಿಯಂಗಡಿಯಲ್ಲಿ ಗಣಪತಿಗೆ ಕೈ ಮುಗಿದು ಮರವಂತೆಗೆ ಹೋದೆವು. ಆ ಮಕ್ಕಳಲ್ಲಿ ಯಾರೂ ಅದುವರೆಗೆ ಸಮುದ್ರ ಕಂಡವರಲ್ಲ. ವ್ಯಾನು ನಿಲ್ಲುವುದರೊಳಗೆ ಚಪ್ಪಲಿ ಬಿಟ್ಟು ಓಡಿದರು. ಮಳೆಗಾಲ ಪೂರ್ತಿ ಮುಗಿದಿರಲಿಲ್ಲ, ತೆರೆ ದಂಡೆಯ ಕಲ್ಲುಗಳಿಗೆ ಬಡಿದು ರಸ್ತೆಯವರೆಗೆ ಹನಿ ಹಾರಿಸುತ್ತಿತ್ತು. ಹಿಮಾಂಶು ಎಂಬ ಉದ್ದನೆಯ ಹುಡುಗನೊಬ್ಬ ಮಾತ್ರ ರಸ್ತೆಯ ನಡುವೆ ನಿಂತು ಒಮ್ಮೆ ಈಚೆ ಒಮ್ಮೆ ಆಚೆ ನೋಡುತ್ತಿದ್ದ.

"ಆಚೆ ಇರುವುದು ನದಿಯಾ?" ಎಂದು ಶಾರದೆಯನ್ನು ಕೇಳಿದ. "ನಮ್ಮ ಕಡೆ ಇಷ್ಟಗಲದ ನೀರಿಗೆ ಹೆಸರೇ ಇಡುವುದಿಲ್ಲ, ಮೇಡಮ್."

"ಅಡ್ಡಿಲ್ಲ, ನಿಮ್ಮ ನದಿ ದೊಡ್ಡದೇ ಇರಲಿ. ಅದರ ಪಕ್ಕ ಒಂದು ಸಮುದ್ರ ಉಂಟಾ?" ಎಂದಳು ಶಾರದೆ. ಹುಡುಗಿಯರೆಲ್ಲ ಅವನನ್ನು ಕೆಣಕಿ ನಕ್ಕರು. ಆಮೇಲೆ ಅವನೂ ಓಡಿದ, ಪ್ಯಾಂಟು ಮೊಣಕಾಲವರೆಗೆ ಒದ್ದೆ ಮಾಡಿಕೊಂಡು ಬಂದ.

ಬಾಯ್ದೇವ್ ಮತ್ತು ನಾನು ದಂಡೆಯ ಕಲ್ಲಿನ ಮೇಲೆ ಕೂತೆವು. ಅವರ ಹಿಂದಿ, ನನ್ನ ಹಿಂದಿ ಎರಡೂ ಹಿಂದಿಯವರು ಕೇಳಿದರೆ ಓಡಿಹೋಗುವಂಥದ್ದು. ಅವರು ಗಂಡಸನ್ನು ಹೆಂಗಸು ಮಾಡುತ್ತಿದ್ದರು, ನಾನು ನಡುವೆ ಕನ್ನಡ ಸೇರಿಸುತ್ತಿದ್ದೆ. ಹಾಗಾಗಿ ನಾಚಿಕೆ ಇರಲಿಲ್ಲ. ಅವರು ಚೀಲದಿಂದ ವೀಳ್ಯದೆಲೆ, ಅಡಿಕೆ ತೆಗೆದು ಕೊಟ್ಟರು. ಅವರಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದೇ ಎಂದರು. ನಮ್ಮಲ್ಲೂ ಹಾಗೆಯೇ ಎಂದು ಬಾಯಿಗೆ ಹಾಕಿಕೊಂಡೆ. ಅದು ಹಸಿ ಅಡಿಕೆ. ನೆಲದಲ್ಲಿ ಹೂತು ಹುಳಿಯಾಗಿಸಿದ್ದಂತೆ. ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಗಿ, ಹಣೆ ಬೆವರಿ, ಸಮುದ್ರವೇ ನನ್ನ ಕಡೆಗೆ ವಾಲಿದ ಹಾಗಾಯಿತು. ಬಾಯ್ದೇವ್ ತಮ್ಮ ಹೆಗಲ ವಸ್ತ್ರದಿಂದ ಗಾಳಿ ಬೀಸುತ್ತ ನಗುತ್ತಿದ್ದರು.

"ಮನೆಯಲ್ಲಿ ಯಜಮಾನರು?" ಎಂದು ಆಮೇಲೆ ಕೇಳಿದರು.

ಹೇಳಿದೆ. ಅಯ್ಯೋ ಪಾಪ ಎನ್ನಲಿಲ್ಲ. "ಮಾತುಗಾರರಾ, ಇಲ್ಲಾ ನಿನ್ನ ಹಾಗಾ?" ಎಂದರು. "ನನ್ನನ್ನು ಮಾತಾಡಿಸುವವರು," ಎಂದೆ. ಅವರು ತಲೆಯಾಡಿಸಿದರು. ಅವರು ಮದುವೆಯಾಗಿರಲಿಲ್ಲ, ತಮ್ಮಂದಿರ ಮಕ್ಕಳನ್ನು ಸಾಕಿದವರು ಎಂದು ವ್ಯಾನಿನಲ್ಲಿ ಬರುವಾಗ ತಿಳಿಯಿತು.

ಕುಂದಾಪುರ, ಕೋಟ ದಾಟಿ, ಬ್ರಹ್ಮಾವರದಲ್ಲಿ ತಿರುಗಿ ಕೊಕ್ಕರ್ಣೆಗೆ ಬರುವಾಗ ಹೊತ್ತು ಏರಿತ್ತು. ಸಂಜೀವ ಒದ್ದೆ ಪಂಚೆಯಲ್ಲಿ ಅಂಗಳದಲ್ಲಿ ಕಾಯುತ್ತಿದ್ದ. ಮಕ್ಕಳಿಗೆ ತೋರಿಸಲೆಂದು ಕದಿರು ತರುವುದನ್ನು ತಡಮಾಡಿದ್ದ.

"ಅತ್ಗೆ, ಎರಡ್ನೇ ಸಲ ಮಿಂದ್ ನಿಂತಿದೆ. ಇನ್ನೊಂದ್ ಗಳ್ಗಿ ಆದ್ರೆ ನಂಗೇ ಮೊಳ್ಕಿ ಬತ್ತಿತ್ತ್," ಎಂದ.

ಎಲ್ಲರೂ ಅವನ ಹಿಂದೆ ಗದ್ದೆಯಂಚಿನಲ್ಲಿ ಹೋದೆವು. ನಮ್ಮ ಗದ್ದೆಯ ತೆನೆ ಇನ್ನೂ ಎಳತು. ಸಂಜೀವ ಅದನ್ನು ದಾಟಿ ನೆರೆಮನೆಯವರ ಗದ್ದೆಗೆ ಇಳಿದು ಕತ್ತಿ ಹಾಕಿದ. ಆ ಮನೆಯವನು ಆಚೆ ಅಂಚಿನಲ್ಲೇ ಹುಲ್ಲು ಕೊಯ್ಯುತ್ತಿದ್ದ. ನಮ್ಮನ್ನು ಕಂಡವನೇ ಬೆನ್ನು ತಿರುಗಿಸಿ ಆಕಾಶ ನೋಡುತ್ತ ನಿಂತ.

"ಇದು ಕಳ್ಳತನ ಅಲ್ಲವಾ?" ಎಂದ ಹಿಮಾಂಶು.

"ಹೊಸ್ತಿನ ಕದಿರು ಕೇಳದೆ ತಂದರೂ ಯಾರೂ ಏನೂ ಹೇಳುವುದಿಲ್ಲ," ಎಂದಳು ಶಾರದೆ. "ನೋಡಿಯೂ ನೋಡದ ಹಾಗೆ ಇರಬೇಕು, ಅದು ಮರ್ಯಾದೆ."

ಅದು ಅವನಿಗೆ ಬಹಳ ಹಿಡಿಸಿತು. ಹಾಗಾದರೆ ಇಲ್ಲಿ ಎಲ್ಲವೂ ನಡೆಯುತ್ತದೆ ಎಂದುಕೊಂಡನೋ ಏನೋ, ಒಂದು ತೆನೆಯಿಂದ ಕಾಳು ಕಿತ್ತು ಬಾಯಿಗೆ ಹಾಕಿ ಅಗಿದ.

"ಹ್ವಾಯ್! ತಿಂಬುಕಾಗ ಮಾರಾಯ್ರೆ!" ಸಂಜೀವನ ಕೂಗಿಗೆ ಕೊಕ್ಕರೆಗಳು ಎದ್ದು ಹಾರಿದವು. ಹುಡುಗ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟ, ನುಂಗುವುದೋ ಉಗುಳುವುದೋ ತಿಳಿಯದೆ. ಬಾಯ್ದೇವ್ ಅವರ ಭಾಷೆಯಲ್ಲಿ ಬೈದರು. ಅವನ ಕಣ್ಣು ಕಂಡು ನನಗೆ ಪಾಪವೆನಿಸಿತು. "ಗಿಳಿಯೂ ಕೇಳದೆ ತಿನ್ನುತ್ತದೆ, ಏನೂ ಆಗುವುದಿಲ್ಲ, ನುಂಗು," ಎಂದು ಹಿಂದಿಯಲ್ಲಿ ಹೇಳಿದೆ. ಅಷ್ಟು ಜನರ ಎದುರು ಅಷ್ಟು ದೊಡ್ಡ ಮಾತು ಆಡಿದ್ದಕ್ಕೆ ಶಾರದೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ಮಕ್ಕಳಿಗೆ ಹಿರಿಯರನ್ನು ಕೇಳಿ ಉಣ್ಣುವ ಕ್ರಮವನ್ನು ವಿವರಿಸಿದಳು. ದಾರಿಯುದ್ದಕ್ಕೂ ಅವರು "ಉಂತೆ, ಉಣ್" ಎಂದು ಬಾಯಿಪಾಠ ಮಾಡಿದರು.

ಕದಿರು ಅಂಗಳಕ್ಕೆ ಬಂತು. ಸುಶೀಲ ಸಂಜೀವನ ಕಾಲಿಗೆ ನೀರು ಹೊಯ್ದು ಒಳಗೆ ಕರೆದಳು. ಮಕ್ಕಳು ಜಗಲಿಯಲ್ಲಿ ಸುತ್ತ ಕೂತು ಎಲೆ ಜೋಡಿಸಿದರು. ಮೃಣಾಲಿ ಎಂಬ ಸಣ್ಣ ಹುಡುಗಿ ದೊಡ್ಡ ಬಾಗಿಲಿನ ಕಟ್ಟು ಕಟ್ಟುತ್ತಿದ್ದಳು. ಬಿಗಿ ಎಳೆದಾಗ ನಾರು ಕಡಿದುಹೋಯಿತು. ಅವಳು ಬೇರೆ ನಾರು ಕೇಳಲಿಲ್ಲ, ಜಡೆಯ ತುದಿಯ ಕೆಂಪು ಟೇಪು ಬಿಚ್ಚಿ ಸುತ್ತಿ ಗಂಟು ಹಾಕಿದಳು. ಸಂಜೀವ ನನ್ನ ಮುಖ ನೋಡಿದ. "ಇರ್ಲಿ," ಎಂದೆ. ಉಳಿದವರು ಕಾಳು ಸುಲಿಯಲು ಕೂತರು. ಬಾಯ್ದೇವರ ಉಗುರು ನಮಗಿಂತ ಚುರುಕು. ಅವರಲ್ಲೂ ಹೊಸ ಅಕ್ಕಿಯ ಊಟ ಉಂಟಂತೆ, ಕೊಯ್ಲಾದ ಮೇಲೆ ನೆಂಟರಿಷ್ಟರನ್ನು ಕರೆದು ಉಣ್ಣುವುದಂತೆ. "ಆದರೆ ಹೀಗೆ ಒಬ್ಬೊಬ್ಬರನ್ನೂ ಕೇಳುವುದಿಲ್ಲ. ಇದು ಚೆನ್ನಾಗಿದೆ, ಎಲ್ಲರೂ ಮಾತಾಡಲೇಬೇಕಾಗುತ್ತದೆ," ಎಂದರು.

ಎಲೆ ಹಾಕಿದೆವು. ಹರಿವೆ, ಕೆಸು, ತೊಂಡೆ, ಸೌತೆ, ಅಲಸಂಡೆ ಎಂದು ಸುಶೀಲ ಎಲೆಯ ತುಂಬ ಬಡಿಸಿದಳು. ನಡುವೆ ಹೊಸ ಅಕ್ಕಿ ಸೇರಿದ ಅನ್ನ, ಎಲೆಯ ಕುಡಿಯಲ್ಲಿ ತೆಂಗಿನಹಾಲಿನ ಪಾಯಸ. ಆಮೇಲೆ ಯಾರು ಹಿರಿಯರು ಯಾರು ಕಿರಿಯರು ಎಂಬ ಗಲಾಟೆ ಶುರುವಾಯಿತು. ಹುಡುಗಿಯರು ಹುಟ್ಟಿದ ತಿಂಗಳು ಹೇಳಿ ಜಗಳಾಡಿದರು. ವ್ಯಾನಿನ ಡ್ರೈವರ್ ಶೇಖರನನ್ನೂ ಕೂರಿಸಿ ಅವನ ಪ್ರಾಯ ಹೇಳಿಸಿದರು. ಕಡೆಗೆ ಗೊತ್ತಾದದ್ದು, ಎಲ್ಲರಿಗಿಂತ ಉದ್ದ ಇದ್ದ ಹಿಮಾಂಶುವೇ ಎಲ್ಲರಿಗಿಂತ ಕಿರಿಯ. ಅವನು ಪ್ರತಿಯೊಬ್ಬರ ಮುಂದೆಯೂ ಬಗ್ಗಿ "ನಾ ಹೊಸ್ತ್ ಉಂತೆ" ಎನ್ನಬೇಕಾಯಿತು. "ನೀನು ಆಗಲೇ ಉಂಡಾಯಿತಲ್ಲ," ಎಂದು ಮೃಣಾಲಿ ಬಹಳ ಹೊತ್ತು ಕಾಯಿಸಿ "ಉಣ್" ಎಂದಳು.

ಸಾಲು ಹೀಗೆ ಮುಂದೆ ಬಂತು. ಶಾರದೆ ಸಂಜೀವನನ್ನು ಕೇಳಿದಳು, ಸುಶೀಲೆಯನ್ನು ಕೇಳಿದಳು, ಬಾಯ್ದೇವರನ್ನು ಕೇಳಿದಳು, ನನ್ನನ್ನು ಕೇಳಿದಳು. ಸಂಜೀವ, ಸುಶೀಲ ಕೇಳಿದರು. ಕೊನೆಗೆ ಬಾಯ್ದೇವ್ ನನ್ನ ಕಡೆ ತಿರುಗಿ ಕೈ ಜೋಡಿಸಿ, ಅಕ್ಷರ ಅಕ್ಷರವಾಗಿ, "ನಾ ಹೊಸ್ತ್ ಉಂತೆ," ಎಂದರು. "ಉಣ್ಣಿ," ಎಂದೆ. ಎಲ್ಲರೂ ತುತ್ತು ಎತ್ತಿದರು. ನಾನು ಸಾರಿನ ಪಾತ್ರೆ ಎತ್ತಿಕೊಂಡೆ.

ಶಾರದೆಯ ಕೈ ಮಾತ್ರ ಮಡಿಲಲ್ಲೇ ಇತ್ತು.

"ಉಣ್ ಹೆಣೆ," ಎಂದೆ ಮೆಲ್ಲಗೆ.

"ನೀ ಕೂಕೋ."

"ನಾ ಬಡ್ಸ್ಕಲೆ."

"ಚಿಕ್ಕಮ್ಮ ಬಡ್ಸ್ತ್ರ್. ನೀ ಕೂಕೋ."

ಅನ್ನದ ಮೇಲಿನ ಹಬೆ ನಿಲ್ಲುತ್ತಿತ್ತು. ಸಂಜೀವ ಅವಳನ್ನೂ ನನ್ನನ್ನೂ ನೋಡಿದ, ಅವನ ತುತ್ತು ಕೈಯಲ್ಲೇ ಉಳಿಯಿತು. ನಾನು ಹೊಸ್ತು ಉಣ್ಣುವುದಿಲ್ಲವೆಂದು ಅವನಿಗೂ ಆವತ್ತೇ ಗೊತ್ತಾದದ್ದು. ಒಬ್ಬೊಬ್ಬರಾಗಿ ಮಕ್ಕಳೂ ಉಣ್ಣುವುದನ್ನು ನಿಲ್ಲಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬಾಯ್ದೇವ್ ಏನಾಯಿತೆಂದು ಕೇಳಿದರು. ಶಾರದೆ ತಲೆ ತಗ್ಗಿಸಿಕೊಂಡು ಹೇಳಿಬಿಟ್ಟಳು, ಅಪ್ಪಯ್ಯ ಹೋದಂದಿನಿಂದ ಅಮ್ಮ ಹೊಸ್ತು ಉಣ್ಣುತ್ತಿಲ್ಲ, ಕೇಳಲು ಹಿರಿಯರಿಲ್ಲ ಎನ್ನುತ್ತಾಳೆ ಎಂದು.

ಬಾಯ್ದೇವ್ ಕೈಯನ್ನು ಎಲೆಯ ಅಂಚಿಗೆ ಒರೆಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೇ ದೊಡ್ಡವಳೆಂದು ಯಾರು ಹೇಳಿದ್ದು?" ಎಂದರು. "ನಿನ್ನ ಪ್ರಾಯ ಎಷ್ಟು?"

ಇದೇ ಕಷ್ಟದ ಪ್ರಶ್ನೆ. ಆಧಾರ್ ಕಾರ್ಡಿನಲ್ಲಿರುವುದು ಶಾಲೆಯಲ್ಲಿ ಬರೆಸಿದ್ದು. ಅಕ್ಕನ ಜೊತೆ ನಡೆದು ಹೋಗಲೆಂದು ಮೇಷ್ಟ್ರು ನನಗೆ ಒಂದು ವರ್ಷ ಸೇರಿಸಿ ಶಾಲೆಗೆ ಸೇರಿಸಿಕೊಂಡಿದ್ದರು. ನಾನು ಹುಟ್ಟಿದ್ದು ಸೀತಾನದಿಯ ನೆರೆ ನಮ್ಮ ಹಟ್ಟಿಯವರೆಗೆ ಬಂದ ವರ್ಷ ಎಂದು ಅಮ್ಮ ಹೇಳುತ್ತಿದ್ದಳು. ಅದನ್ನೇ ಹೇಳಿದೆ.

"ನಾನೂ ನೆರೆಯ ವರ್ಷ ಹುಟ್ಟಿದವಳೇ," ಎಂದರು ಬಾಯ್ದೇವ್. "ಆದರೆ ನಮ್ಮಲ್ಲಿ ಪ್ರತಿ ವರ್ಷವೂ ನೆರೆ." ಮಕ್ಕಳು ನಕ್ಕರು. ಅವರು ಮತ್ತೆ ಕೇಳಿದರು. "ಚೀನಾ ಯುದ್ಧ ಆದಾಗ ನೀನು ಎಷ್ಟನೇ ಕ್ಲಾಸು?"

"ಒಂದನೇ ಕ್ಲಾಸು," ಎಂದೆ. ಅದು ಚೆನ್ನಾಗಿ ನೆನಪಿತ್ತು. ಮೇಷ್ಟ್ರು ಸೈನಿಕರಿಗೆಂದು ಮನೆಯಿಂದ ಒಂದೊಂದು ಮುಷ್ಟಿ ಅಕ್ಕಿ ತರಲು ಹೇಳಿದ್ದರು. ನನ್ನ ಮುಷ್ಟಿ ಸಣ್ಣದೆಂದು ಅಕ್ಕ ಗೇಲಿ ಮಾಡಿದ್ದಳು.

"ನಾನು ಮೂರನೇ ಕ್ಲಾಸು," ಎಂದರು ಬಾಯ್ದೇವ್. "ತೇಜಪುರದಲ್ಲಿದ್ದೆವು. ಅವರು ಬಂದೇಬಿಟ್ಟರು ಎಂದು ಊರಿಗೆ ಊರೇ ಖಾಲಿಯಾಯಿತು. ದೋಣಿ ಹತ್ತಿ ನದಿ ದಾಟಿದೆವು. ಅಮ್ಮನ ಒಂದು ಕೈಯಲ್ಲಿ ತಮ್ಮ, ಒಂದು ಕೈಯಲ್ಲಿ ಅಕ್ಕಿಯ ಗಂಟು. ನನಗೆ ಹಿಡಿಯಲು ಕೈಯೇ ಉಳಿದಿರಲಿಲ್ಲ, ಸೆರಗು ಹಿಡಿದುಕೊಂಡೆ."

ಬೇರೆ ಯಾರದ್ದೋ ಕಥೆ ಹೇಳಿದ ಹಾಗೆ ಹೇಳಿದರು. ಮಕ್ಕಳಿಗೂ ಅದು ಹೊಸದಾಗಿತ್ತೆಂದು ಅವರ ಮುಖದಲ್ಲೇ ಕಾಣುತ್ತಿತ್ತು.

ಸಂಜೀವ ಕೈಯ ತುತ್ತನ್ನು ಎಲೆಗೆ ಇಳಿಸಿದ. "ಅತ್ಗೆ, ಹಾಂಗಾರೆ ತಪ್ಪಾಯ್ತಲೆ. ಹಿರಿಯರ್ ಕಿರಿಯರ್ ಹತ್ರ ಕೇಂಡ್ರ್. ನೀವ್ ದೊಡ್ ಜನದಂಗೆ 'ಉಣ್ಣಿ' ಅಂದ್ರಿ." ಶಾರದೆ ಅದನ್ನು ಹಿಂದಿಯಲ್ಲಿ ಹೇಳಿದಳು. ಬಾಯ್ದೇವ್ ತಮ್ಮ ಬಲಕ್ಕೆ ಇದ್ದ ಖಾಲಿ ಮಣೆಯನ್ನು ತಟ್ಟಿದರು. "ಕೂರು. ತಪ್ಪು ಸರಿಯಾಗಬೇಕು. ನನ್ನನ್ನು ಕೇಳು."

ಸುಶೀಲ ನನ್ನ ಕೈಯಿಂದ ಸಾರಿನ ಪಾತ್ರೆ ತೆಗೆದುಕೊಂಡದ್ದು ಗೊತ್ತಾಗಲಿಲ್ಲ. ಕೂತೆ. ಎಲೆ ಬಂತು, ಅನ್ನ ಬಂತು. ಬಗ್ಗಿ ಕೈ ಜೋಡಿಸಿದೆ.

"ನಾ ಹೊಸ್ತ್ ಉಂತೆ," ಎಂದೆ.

ಬಾಯ್ದೇವ್ ಮುಖ ಮುಂದೆ ಮಾಡಿದರು. "ಕ್ಯಾ?" ಎಂದರು.

ಸಂಜೀವ ಕತ್ತೆತ್ತಿದ. ಶಾರದೆ ಕತ್ತೆತ್ತಿದಳು. ಮತ್ತೊಮ್ಮೆ ಹೇಳಿದೆ.

"ಸುನಾಯೀ ನಹೀಂ ದಿಯಾ," ಎಂದರು ಬಾಯ್ದೇವ್, ಕೇಳಿಸಲಿಲ್ಲ ಎಂದು, ಕಿವಿಗೆ ಕೈ ಕೊಟ್ಟು. ನಾನು ಅವರ ಬಲಕ್ಕೆ ಕೂತಿದ್ದೆ, ಆ ಕಿವಿಯ ಕಡೆಗೆ. ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಆದರೆ ಆ ಕೈ, ಕಿವಿಯ ಹಿಂದೆ ಅದನ್ನು ಇಟ್ಟ ರೀತಿ. ಸಂಜೀವ ನಗುತ್ತಿದ್ದ, ನಗುತ್ತಲೇ ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. "ಇನ್ನೊಂದ್ ಸಲ, ಅತ್ಗೆ. ಮೂರ್ ಆಯ್ಕ್," ಎಂದ.

"ನಾ ಹೊಸ್ತ್ ಉಂತೆ!"

ನನ್ನ ದನಿ ಅಂಗಳ ದಾಟಿ ಗದ್ದೆಯವರೆಗೆ ಹೋಯಿತು. ಹಟ್ಟಿಯಲ್ಲಿ ಕರು ಕೂಗಿತು. ಅಸ್ಸಾಮಿನ ಮಕ್ಕಳಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

"ಉಣ್," ಎಂದರು ಬಾಯ್ದೇವ್. ನನ್ನ ತಲೆಯ ಮೇಲೆ ಕೈ ಇಟ್ಟರು. ಎಷ್ಟೋ ಕಾಲದಿಂದ ನನ್ನ ತಲೆಯ ಮೇಲೆ ಯಾರೂ ಕೈ ಇಟ್ಟಿರಲಿಲ್ಲ, ನಾನೇ ಎಲ್ಲರ ತಲೆಯ ಮೇಲೆ ಇಡುವವಳಾಗಿದ್ದೆ. ಆಗಲೇ ನನಗೆ ನಗು ಬಂದದ್ದು. ಶಾರದೆ ಫೋನು ಹಿಡಿದದ್ದೂ ಆಗಲೇ. ಅವಳು ಒಂದು ಕೈಯಲ್ಲಿ ಫೋಟೋ ತೆಗೆಯುತ್ತ ಇನ್ನೊಂದು ಕೈಯಲ್ಲಿ ಉಣ್ಣಲು ಶುರುಮಾಡಿದ್ದಳು. ಅನ್ನ ಆರಿಹೋಗಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ.

ಸಂಜೆ ಹೊರಡುವಾಗ ಬಾಯ್ದೇವ್ ತಮ್ಮ ಕೆಂಪಂಚಿನ ಹೆಗಲವಸ್ತ್ರವನ್ನು ನನ್ನ ಹೆಗಲಿಗೆ ಹಾಕಿದರು. ನಾನು ಒಂದು ಸಣ್ಣ ಕದಿರಿನ ಕಟ್ಟು ಕೊಟ್ಟೆ. ಅದನ್ನು ಅವರ ಮನೆಯ ಬಾಗಿಲಿಗೆ ಕಟ್ಟಿದ ಫೋಟೋ ಆಮೇಲೆ ಬಂತು. ಅಲ್ಲಿಯ ಗುಬ್ಬಿಗಳೂ ಅದನ್ನು ಬಿಟ್ಟಿರಲಿಕ್ಕಿಲ್ಲ.

ಈ ವರ್ಷ ಮೊನ್ನೆ ಶಾರದೆ ಫೋನಿನಲ್ಲೇ ಅವರನ್ನು ಹಿಡಿದುಕೊಟ್ಟಳು. ಜಗಲಿಯಲ್ಲಿ ಸಿಗ್ನಲ್ ಇಲ್ಲ. ಎಲೆಯ ಮುಂದಿನಿಂದ ಎದ್ದು ಅಂಗಳದ ತುದಿಗೆ ಹೋಗಿ ಕೂಗಿ ಕೂಗಿ ಕೇಳಬೇಕಾಯಿತು. ಮೊದಲು "ಉಣ್ಣಿ, ಉಣ್ಣಿ" ಎಂದದ್ದು ಗದ್ದೆಯಾಚೆಯ ನೆರೆಮನೆಯವನು. ಬಾಯ್ದೇವರದ್ದು ಆಮೇಲೆ ಬಂತು.

ಟೇಪನ್ನು ಒಗೆದು ಈ ವರ್ಷದ ಕಟ್ಟಿಗೂ ಸುತ್ತಿದ್ದೇನೆ. ಮುಂದಿನ ವರ್ಷ ಹೋಟೆಲನ್ನು ಒಂದು ದಿನ ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ನಿಮ್ಮ ಅಪ್ಪನಿಗೆ ನಾನೇ ಹೇಳಿದ್ದೇನೆ. ನೀವಿಬ್ಬರೂ ಬನ್ನಿ. ಸಾಲಿನಲ್ಲಿ ನೀವೇ ಕಿರಿಯರು, ಎಲ್ಲರನ್ನೂ ಕೇಳುತ್ತ ಬರಬೇಕು. ಕೊನೆಗೆ ನನ್ನ ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡು ಕೇಳಿ. ಮೊದಲ ಎರಡು ಸಲ ನನಗೆ ಕೇಳಿಸುವುದಿಲ್ಲ.